ಮುಳ್ಳಿಲ್ಲದ ಗೇಜು

ನಮ್ಮ ಬಾಯ್ಲರಣ್ಣ ಹೊಸ ಚಪ್ಪಲಿಯನ್ನು ಬೈಯಲು ಶುರು ಮಾಡಿದಾಗಲೇ ನಮಗೆ ಅನುಮಾನ ಬರಬೇಕಿತ್ತು. ಬೆಳಿಗ್ಗೆ ಸರಿಯಾಗಿ ಕೂರುತ್ತಿದ್ದ ಚಪ್ಪಲಿ ಸಂಜೆ ಹೊತ್ತಿಗೆ ಕಚ್ಚುತ್ತಿತ್ತು. "ಅಂಗಡಿಯವನು ಚೆನ್ನಾಗಿ ಟೋಪಿ ಹಾಕಿದ" ಎಂದು ಅವರು ಗೊಣಗಿದರು. ನಾವೂ ಹೌದೌದು ಎಂದೆವು. ಊದಿದ್ದು ಕಾಲು, ಬೈಸಿಕೊಂಡಿದ್ದು ಚಪ್ಪಲಿ.

ಆಮೇಲೆ ಮೆಟ್ಟಿಲಿನ ಸರದಿ. ಮಹಡಿಗೆ ಹೋಗುವಾಗ ಅರ್ಧದಲ್ಲೇ ನಿಂತು ಗೋಡೆಯ ಮೇಲಿನ ಪೈಪನ್ನು ದಿಟ್ಟಿಸುವರು. "ಏನಣ್ಣ, ಪೈಪ್ ಸೋರ್ತಿದ್ಯಾ?" ಎಂದು ಕೇಳಿದರೆ "ಅದನ್ನೇ ನೋಡ್ತಿದೀನಿ" ಎನ್ನುವರು. ಪೈಪು ಸೋರುತ್ತಿರಲಿಲ್ಲ. ಅವರಿಗೆ ಉಸಿರು ಸಾಲುತ್ತಿರಲಿಲ್ಲ, ಹೇಳಿಕೊಳ್ಳಲು ನಾಚಿಕೆ. ಮನೆಯಲ್ಲಿ ತಲೆಯಡಿಗೆ ಒಂದು ದಿಂಬಿದ್ದದ್ದು ಎರಡಾಯಿತು, ಎರಡು ಮೂರಾಯಿತು. ಕೊನೆಗೆ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುವ ಹಾಗಾಯಿತು.

ಇಂಥವರು ನಿಮ್ಮ ಮನೆಯಲ್ಲೂ ಇದ್ದಾರೆಯೇ? ಇದ್ದರೆ ಈ ಕಥೆಯನ್ನು ಒಬ್ಬರೇ ಓದಬೇಡಿ, ಅವರ ಪಕ್ಕ ಕೂತು ಗಟ್ಟಿಯಾಗಿ ಓದಿ.

ನಾನು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಹೋಟೆಲುಗಳಿಂದ ಬರುವ ಹಾಸಿಗೆ ಬಟ್ಟೆಗಳನ್ನು ಬಿಸಿ ಉರುಳೆಯ ಕೆಳಗೆ ಹಾಯಿಸಿ, ಮಡಿಸಿ, ಗುಡ್ಡೆ ಹಾಕುವುದು ನನ್ನ ಕೆಲಸ. ಆ ಉರುಳೆಗೆ ಬಿಸಿ ಬರುವುದು ಹಿಂದಿನ ಕೋಣೆಯ ಬಾಯ್ಲರಿನಿಂದ. ಬಾಯ್ಲರ್ ನೋಡಿಕೊಳ್ಳುವವರು ಬಾಯ್ಲರಣ್ಣ. ಮೀಸೆ ಮೂಡಿದ ವಯಸ್ಸಿನಿಂದ ಅದೇ ಕೋಣೆಯಲ್ಲಿದ್ದಾರೆ. ಅವರ ಮನೆ ನಮ್ಮ ಮನೆಗೆ ಗೋಡೆ ಹಂಚಿಕೊಂಡಿದೆ, ಹಾಗಾಗಿ ಅವರ ಹೆಂಡತಿ ನನಗೆ ಅತ್ತಿಗೆ. ಅತ್ತಿಗೆ ಒಗ್ಗರಣೆ ಹಾಕಿದರೆ ನಾನು ಸೀನುತ್ತೇನೆ, ಅಷ್ಟು ಹತ್ತಿರ.

ಬಾಯ್ಲರಣ್ಣನಿಗೆ ಒಂದು ಅಭ್ಯಾಸ. ಬೆಳಿಗ್ಗೆ ಬಂದವರೇ ಒತ್ತಡ ತೋರಿಸುವ ಗೇಜಿನ ಗಾಜಿನ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟುತ್ತಾರೆ. ಗೇಜಿನ ಮುಳ್ಳು ಒಮ್ಮೊಮ್ಮೆ ಸಿಕ್ಕಿಹಾಕಿಕೊಂಡು ಸುಳ್ಳು ಹೇಳುತ್ತದಂತೆ. ತಟ್ಟಿದರೆ ಬೆಚ್ಚಿ ನಿಜ ಹೇಳುತ್ತದಂತೆ. "ಒಳಗೆ ಏನಾಗ್ತಿದೆ ಅಂತ ಕಬ್ಬಿಣದ ಹೊರಗೆ ಗೊತ್ತಾಗಲ್ಲ ತಂಗಿ. ಬಾಯ್ಲರ್ ಸಿಡಿಯೋ ನಿಮಿಷದಲ್ಲೂ ಹೊರಗಿಂದ ತಣ್ಣಗೆ ಕೂತಿರೋ ಹಾಗೇ ಕಾಣುತ್ತೆ. ಮುಳ್ಳು ಒಂದನ್ನೇ ನಂಬಬೇಕು" ಎಂದು ನನಗೆ ಎಷ್ಟೋ ಸಲ ಪಾಠ ಮಾಡಿದ್ದಾರೆ. ಅಂಥ ಮನುಷ್ಯ ತನ್ನ ಮೈಯ ವಿಷಯದಲ್ಲಿ ಹೊರಗಿನ ಕಬ್ಬಿಣವನ್ನೇ ನೋಡಿಕೊಂಡು ಕೂತಿದ್ದರು!

ಒಂದು ದಿನ ಮಾತಾಡಲೂ ಉಸಿರಿಲ್ಲದೆ ಆಸ್ಪತ್ರೆ ಸೇರಿದರು. ಹೃದಯದ ಶಕ್ತಿ ಕುಂದಿದೆ, ಅದು ರಕ್ತವನ್ನು ಸರಿಯಾಗಿ ಮುಂದಕ್ಕೆ ದೂಡುತ್ತಿಲ್ಲ, ಹಿಂದೆ ನಿಂತದ್ದು ಶ್ವಾಸಕೋಶದಲ್ಲಿ ನೀರಾಗಿ ತುಂಬಿದೆ ಎಂದರು ಡಾಕ್ಟರ್. ನೀರಿಳಿಸುವ ಮಾತ್ರೆ, ಇಂಜೆಕ್ಷನ್ ಕೊಟ್ಟರು. ಸುಧಾರಿಸಿಕೊಂಡು ಬಂದರು. ಕೆಲವು ತಿಂಗಳಾದ ಮೇಲೆ ಮತ್ತೆ ಅದೇ ಕಥೆ, ಆಮೇಲೆ ಇನ್ನೊಂದು ಸಲ. ಹೋಗುವಾಗ ಒಬ್ಬ ಬಾಯ್ಲರಣ್ಣ ಹೋದರೆ ಬರುವಾಗ ಮುಕ್ಕಾಲು ಬಾಯ್ಲರಣ್ಣ ಬರುತ್ತಿದ್ದರು.

ಡಾಕ್ಟರ್ ಅತ್ತಿಗೆಯನ್ನು ಕೂರಿಸಿಕೊಂಡು ಮುಚ್ಚುಮರೆ ಇಲ್ಲದೆ ಹೇಳಿದರು. "ಪ್ರತಿ ಸಲ ಮುಳುಗಿದ ಮೇಲೆ ಎತ್ತುತ್ತಾ ಇದೀವಿ. ಹೀಗೇ ಆದ್ರೆ ಒಂದು ದಿನ ಎತ್ತಕ್ಕಾಗಲ್ಲ. ನೀರು ತುಂಬೋಕೆ ಮೊದಲೇ ನಮಗೆ ಸುಳಿವು ಸಿಗಬೇಕು. ಅದಕ್ಕೊಂದು ದಾರಿ ಇದೆ. ಸಿಸ್ಟರ್ ಮನೆಗೆ ಬಂದು ವಿವರವಾಗಿ ಹೇಳ್ತಾರೆ."

ಸಿಸ್ಟರ್ ಬಂದರು. ಹೃದಯ ವಿಭಾಗದ ನರ್ಸ್, ಸಣ್ಣ ಮೈಕಟ್ಟಿನ ಹೆಂಗಸು, ದನಿ ಮಾತ್ರ ಬೀದಿಯ ಆ ತುದಿಗೆ ಕೇಳುವಂಥದ್ದು. ಅತ್ತಿಗೆ ನನ್ನನ್ನೂ ಕೂಗಿದರು. ಸಿಸ್ಟರ್ ಕೈಚೀಲದಿಂದ ಒಂದು ಪುಟ್ಟ ಡಬ್ಬಿ ತೆಗೆದು ಅದರಲ್ಲಿದ್ದದ್ದನ್ನು ಅಂಗೈ ಮೇಲೆ ಇಟ್ಟುಕೊಂಡು ತೋರಿಸಿದರು. ಭತ್ತದ ಕಾಳಿಗಿಂತ ಸ್ವಲ್ಪ ದೊಡ್ಡದು. ಎರಡು ತುದಿಗೂ ಕೂದಲೆಳೆಯಂಥ ತಂತಿಯ ಕುಣಿಕೆ.

"ಇದು ಪ್ರೆಶರ್ ನೋಡೋ ಸೆನ್ಸರ್. ಹೃದಯದಿಂದ ಶ್ವಾಸಕೋಶಕ್ಕೆ ಹೋಗೋ ರಕ್ತನಾಳದ ಒಂದು ಕವಲಲ್ಲಿ ಇದನ್ನ ಕೂರಿಸ್ತಾರೆ" ಎಂದರು.

ಅತ್ತಿಗೆ ಸೆರಗನ್ನು ಬಾಯಿಗೆ ಹಿಡಿದರು. "ಎದೆ ಕೊಯ್ತೀರಾ?"

"ಇಲ್ಲಮ್ಮ. ತೊಡೆ ಸಂದಿಯ ರಕ್ತನಾಳದೊಳಗೆ ಸಣ್ಣ ಕೊಳವೆ ತೂರಿಸಿ, ಅದರ ದಾರಿಯಲ್ಲೇ ತಗೊಂಡು ಹೋಗಿ ಬಿಟ್ಟು ಬರ್ತಾರೆ. ಅಣ್ಣ ಎಚ್ಚರವಾಗೇ ಇರ್ತಾರೆ."

"ಇವರು ಎಚ್ಚರವಾಗಿದ್ರೆ ಡಾಕ್ಟರಿಗೇ ಕೆಲಸ ಹೇಳಿಕೊಡ್ತಾರೆ ಬಿಡಿ" ಎಂದರು ಅತ್ತಿಗೆ. ಹೆದರಿಕೆಯಲ್ಲೂ ಅವರ ಬಾಯಿ ಸುಮ್ಮನಿರುವುದಿಲ್ಲ.

ಬಾಯ್ಲರಣ್ಣ ಆ ಕಾಳನ್ನು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. "ಗೇಜು ಅಂತೀರಿ. ಮುಳ್ಳೆಲ್ಲಿ?"

"ಮುಳ್ಳಿಲ್ಲ."

"ವೈರು?"

"ಇಲ್ಲ."

"ಸೆಲ್ಲು? ಬ್ಯಾಟರಿ?"

"ಅದೂ ಇಲ್ಲಣ್ಣ."

ಬಾಯ್ಲರಣ್ಣ ನನ್ನ ಕಡೆ ತಿರುಗಿದರು. "ನೋಡಿದ್ಯಾ ತಂಗಿ, ಮುಳ್ಳಿಲ್ಲ, ವೈರಿಲ್ಲ, ಬ್ಯಾಟರಿ ಇಲ್ಲ. ಒಂದು ಕಾಳು ಎದೆಯೊಳಗೆ ಕೂತ್ಕೊಂಡು ಊರಾಚೆ ಇರೋ ಆಸ್ಪತ್ರೆಗೆ ಸುದ್ದಿ ಹೇಳುತ್ತಂತೆ. ನನ್ನ ಕಿವಿಗೆ ಹೂ ಇಡ್ತಿದಾರೆ."

"ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡ್ತೀರಲ್ಲ, ಅದು ಸಾಲದಾ?" ಎಂದು ಅತ್ತಿಗೆ ಕೇಳಿದರು.

"ಅದು ತೋಳಿನ ಕಡೆಯ ಒತ್ತಡ ಅಮ್ಮ. ಇದು ಶ್ವಾಸಕೋಶಕ್ಕೆ ಹೋಗೋ ದಾರಿಯ ಒತ್ತಡ. ಅಣ್ಣನಿಗೆ ನೀರು ತುಂಬೋದು ಆ ಕಡೆ. ಕಾಲು ಊದೋಕೆ, ಉಸಿರು ಕಟ್ಟೋಕೆ ಎಷ್ಟೋ ದಿನ ಮೊದಲೇ ಅಲ್ಲಿ ಒತ್ತಡ ಏರಿರುತ್ತೆ. ಆಗ ಮೈಗೆ ಏನೂ ಗೊತ್ತಾಗಲ್ಲ, ಆರಾಮಾಗೇ ಇರ್ತಾರೆ."

ಈ ಮಾತು ಬಾಯ್ಲರಣ್ಣನಿಗೆ ಎಲ್ಲೋ ತಾಗಿತು. ಹೊರಗಿಂದ ತಣ್ಣಗೆ ಕಾಣುವ ಕಬ್ಬಿಣದ ಪಾಠ ಅವರದೇ ಅಲ್ಲವೇ? ಆದರೂ ಬಿಡಲಿಲ್ಲ. "ಬ್ಯಾಟರಿ ಇಲ್ಲದೆ ಅದು ಮಾತಾಡೋದು ಹೇಗೆ, ಅದನ್ನ ಹೇಳಿ."

ಸಿಸ್ಟರ್ ಸ್ವಲ್ಪ ಯೋಚಿಸಿದರು. "ನಿಮ್ಮ ಸ್ಟೀಮ್ ಪೈಪಲ್ಲಿ ನೀರು ನಿಂತಿದ್ಯೋ ಇಲ್ವೋ ಹೇಗೆ ಕಂಡುಹಿಡೀತೀರಿ?"

"ಸ್ಪ್ಯಾನರಲ್ಲಿ ತಟ್ಟಿ ಕೇಳ್ತೀನಿ. ಖಾಲಿ ಇದ್ರೆ ಒಂದು ದನಿ, ನೀರಿದ್ರೆ ಬೇರೆ ದನಿ."

"ಆ ಪೈಪಿಗೆ ಬ್ಯಾಟರಿ ಹಾಕಿದೀರಾ?"

ಬಾಯ್ಲರಣ್ಣ ಮತ್ತೆ ಕನ್ನಡಕ ಏರಿಸಿ ಕಾಳಿನ ಕಡೆ ಬಗ್ಗಿದರು.

"ಇದೂ ಅಷ್ಟೇ. ನಿಮಗೆ ಒಂದು ದಿಂಬು ಕೊಡ್ತೀವಿ. ದಿನಾ ಬೆಳಿಗ್ಗೆ ಅದರ ಮೇಲೆ ಮಲಗಬೇಕು. ದಿಂಬಿನೊಳಗಿಂದ ರೇಡಿಯೋ ಅಲೆ ಹೋಗಿ ಈ ಕಾಳನ್ನ ತಟ್ಟುತ್ತೆ. ಕಾಳು ದನಿಗೊಡುತ್ತೆ. ಒತ್ತಡ ಏರಿದ್ರೆ ಒಂದು ದನಿ, ಇಳಿದಿದ್ರೆ ಇನ್ನೊಂದು. ನಮ್ಮ ಕಿವಿಗೆ ಕೇಳಲ್ಲ, ದಿಂಬಿಗೆ ಕೇಳುತ್ತೆ. ಅದನ್ನ ಲೆಕ್ಕ ಹಾಕಿ ನಮಗೆ ಕಳಿಸುತ್ತೆ."

ನಾನು ಆ ಕಾಳನ್ನೇ ನೋಡುತ್ತಿದ್ದೆ. ಎದೆಯ ಗೂಡಿನೊಳಗೆ, ಬೆಳಕಿಲ್ಲದ ಜಾಗದಲ್ಲಿ, ಹರಿಯುವ ರಕ್ತದ ನಡುವೆ ಇದು ಕೂತಿರುತ್ತದೆ. ಹೊರಗಿನಿಂದ ಯಾರೋ ತಟ್ಟಿ "ಹೇಗಿದೀಯಾ?" ಎಂದರೆ ಒಳಗಿನಿಂದ ಉತ್ತರ ಕೊಡುತ್ತದೆ. ನನಗೆ ಮೈ ಜುಮ್ಮೆಂದಿತು.

"ಹಾಕಿಸ್ಕೊಳ್ಳಿ ರೀ" ಎಂದರು ಅತ್ತಿಗೆ, ಇದ್ದಕ್ಕಿದ್ದಂತೆ. "ಇನ್ನೊಂದು ಸಲ ನಿಮ್ಮನ್ನ ಹಾಗೆ ನೋಡೋಕೆ ನನ್ನ ಕೈಲಾಗಲ್ಲ."

ಹಾಕಿಸಿಕೊಂಡರು. ಮಾರನೆಯ ದಿನ ಮನೆಗೆ ಬಂದರು. ಹೆಣಭಾರ ಎತ್ತುವುದು ಬೇಡ, ಏಣಿ ಹತ್ತುವುದು ಬೇಡ, ಗೇಜು ನೋಡಿಕೊಂಡು ಕೂರುವ ಕೆಲಸವಾದರೆ ಮಾಡಿ ಎಂದು ಡಾಕ್ಟರ್ ಒಪ್ಪಿಗೆ ಕೊಟ್ಟರು. ಬೆಳಿಗ್ಗೆ ದಿಂಬಿನ ಮೇಲೆ ಮಲಗಿ ಗುಂಡಿ ಒತ್ತಿದರೆ ಪಕ್ಕದ ಪೆಟ್ಟಿಗೆಯಿಂದ ಹೆಂಗಸಿನ ದನಿ ಬರುತ್ತಿತ್ತು, ಅಲುಗಾಡದೆ ಮಲಗಿ ಎಂದು. ಅತ್ತಿಗೆಗೆ ಅದನ್ನು ಕಂಡರೆ ಉರಿ.

"ನಾನು ಸುಮ್ಮನಿರಿ ಅಂದ್ರೆ ಒಂದು ಗಳಿಗೆ ಇರಲ್ಲ. ಇವಳ್ಯಾರೋ ಅಂದ್ರೆ ಕಲ್ಲಿನ ಹಾಗೆ ಮಲಗ್ತಾರೆ" ಎಂದು ಗೋಡೆಯಾಚೆ ಇದ್ದ ನನಗೆ ಕೇಳುವಂತೆ ಹೇಳುವರು.

ಬಾಯ್ಲರಣ್ಣನ ಉರಿ ಬೇರೆ. ಪೆಟ್ಟಿಗೆ ಅವರಿಗೆ ಅಂಕಿ ತೋರಿಸುತ್ತಿರಲಿಲ್ಲ. ಆಸ್ಪತ್ರೆಗೆ ಮಾತ್ರ ಕಳಿಸುತ್ತಿತ್ತು. "ಗೇಜು ನನ್ನ ಎದೇಲಿ, ಮುಳ್ಳು ಅವರ ಮೇಜಿನ ಮೇಲೆ! ಇದ್ಯಾವ ನ್ಯಾಯ?" ಎಂದು ಸಿಕ್ಕಿದವರಿಗೆಲ್ಲ ದೂರು ಹೇಳಿದರು.

ಮೊದಲನೇ ಫೋನು ಬಂದಾಗ ಅವರು ಊಟಕ್ಕೆ ಕೂತಿದ್ದರು. ನಾನೂ ಅಲ್ಲೇ ಇದ್ದೆ, ಒಂದು ಲೋಟ ಸಕ್ಕರೆ ಸಾಲ ಕೇಳಲು ಹೋದವಳು. ಅತ್ತಿಗೆ ಫೋನಿನ ಸ್ಪೀಕರ್ ಹಾಕಿದರು. ಸಿಸ್ಟರ್ ದನಿ ಅಡುಗೆಮನೆ ತುಂಬಿತು.

"ಅಣ್ಣ, ಪ್ರೆಶರ್ ಮೆಲ್ಲಗೆ ಏರ್ತಾ ಇದೆ. ಹೇಗಿದೀರಿ?"

"ಗುಂಡುಕಲ್ಲಿನ ಹಾಗಿದೀನಿ. ಕಾಲು ಊದಿಲ್ಲ, ಉಸಿರು ಸರಾಗ. ನಿಮ್ಮ ಕಾಳಿಗೆ ತಲೆ ಕೆಟ್ಟಿದೆ."

"ಉಪ್ಪಿನ ಪದಾರ್ಥ ಏನಾದ್ರೂ ತಿಂದ್ರಾ?"

"ರಾಮ ರಾಮ! ಉಪ್ಪಿನ ಮುಖ ನೋಡಿ ಎಷ್ಟು ಕಾಲ ಆಯ್ತು."

ಅತ್ತಿಗೆ ಎದ್ದರು. ಮೊಳೆಗೆ ನೇತುಹಾಕಿದ್ದ ಗಂಡನ ಅಂಗಿಯ ಜೇಬು ಹೊರಗೆಳೆದು ಜಾಡಿಸಿದರು. ಹುರಿದ ಕಡಲೆಕಾಯಿಯ ಕೆಂಪು ಸಿಪ್ಪೆ ಉದುರಿತು, ಅದರ ಜೊತೆ ಬಿಳಿ ಪುಡಿ. ಅತ್ತಿಗೆ ಬೆರಳಿಗೆ ಅಂಟಿಸಿಕೊಂಡು ನಾಲಿಗೆಗೆ ಇಟ್ಟರು. "ಉಪ್ಪು, ಸಿಸ್ಟರ್" ಎಂದರು.

ನನಗೆ ನಗು ತಡೆಯಲಾಗಲಿಲ್ಲ. ಬಾಯ್ಲರಣ್ಣನ ಮುಖ ಮಾತ್ರ ಇಂಗು ತಿಂದ ಮಂಗನ ಹಾಗಾಯಿತು. ಸಿಸ್ಟರ್ ಬೈಯಲಿಲ್ಲ. ಕೆಲವು ದಿನ ನೀರಿಳಿಸುವ ಮಾತ್ರೆ ಒಂದು ಹೆಚ್ಚಿಗೆ ತೆಗೆದುಕೊಳ್ಳಿ, ಮತ್ತೆ ನಾನು ಹೇಳಿದಾಗ ಕಡಿಮೆ ಮಾಡಿ ಎಂದರು. ಒತ್ತಡ ಇಳಿಯಿತು, ಮಾತ್ರೆ ಹಳೆಯ ಲೆಕ್ಕಕ್ಕೆ ಬಂತು. ಅಲ್ಲಿಗೆ ಮುಗಿಯಬೇಕಿತ್ತು.

ಆದರೆ ಬಾಯ್ಲರಿನವರ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಅದನ್ನು ನಾನು ಹೇಳಲೇಬೇಕು, ಏಕೆಂದರೆ ಬೇರೆ ಕೆಲಸದವರಿಗೆ ಇಂಥ ಬುದ್ಧಿ ಹೊಳೆಯುವುದಿಲ್ಲ. ವರ್ಷಕ್ಕೊಮ್ಮೆ ಬಾಯ್ಲರ್ ನೋಡಲು ಇನ್ಸ್‌ಪೆಕ್ಟರ್ ಬರುತ್ತಾರೆ. ಆ ದಿನ ಬಾಯ್ಲರಣ್ಣ ಬೆಳಿಗ್ಗೆಯಿಂದಲೇ ಉರಿ ತಗ್ಗಿಸಿ ಇಡುತ್ತಾರೆ. ನಮ್ಮ ಉರುಳೆಗೆ ಬಿಸಿ ಸಾಲದೆ ಬಟ್ಟೆ ಹಸಿಹಸಿಯಾಗೇ ಬರುತ್ತದೆ, ಕೇಳುವವರಿಲ್ಲ. ಇನ್ಸ್‌ಪೆಕ್ಟರ್ ಬಂದಾಗ ಮುಳ್ಳು ಹೊಸ ಸೊಸೆಯ ಹಾಗೆ ತಲೆ ತಗ್ಗಿಸಿ ನಿಂತಿರುತ್ತದೆ. ಅವರು ಭೇಷ್ ಎಂದು ಹೋದ ಮೇಲೆ ಉರಿ ಮತ್ತೆ ಏರುತ್ತದೆ. ಬಾಯ್ಲರಣ್ಣನ ಮಟ್ಟಿಗೆ ಅದು ಕೋಣೆಯ ಮರ್ಯಾದೆಯ ಪ್ರಶ್ನೆ.

ಈಗ ಅವರ ಎದೆಗೇ ದಿನ ಬೆಳಗಾದರೆ ಇನ್ಸ್‌ಪೆಕ್ಷನ್ನು! ಇಡೀ ಜೀವಮಾನ ಪ್ರೆಶರ್ ಕಾಯ್ದವನ ಪ್ರೆಶರೇ ಹೆಚ್ಚಾಯಿತು ಎಂದು ಹೆಂಡತಿಯ ಮುಂದೆ, ಪಕ್ಕದ ಮನೆಯವಳ ಮುಂದೆ ಫೋನು ಬರುವುದೆಂದರೆ ಅವರಿಗೆ ನುಂಗಲಾರದ ತುತ್ತು. ಹಾಗಾಗಿ ಯಾರಿಗೂ ಹೇಳದೆ ನೀರಿಳಿಸುವ ಮಾತ್ರೆಯ ಮೇಲೆ ಅದೇ ಮಾತ್ರೆ ಇನ್ನೊಂದು ನುಂಗಲು ಶುರು ಮಾಡಿದರು. ನೀರು ಕುಡಿಯುವುದನ್ನೂ ಹೆಚ್ಚುಕಡಿಮೆ ಬಿಟ್ಟರು. ಬೆಳಿಗ್ಗೆ ದಿಂಬು ತಟ್ಟಿದಾಗ ಮುಳ್ಳು ತಗ್ಗಿರಬೇಕು, ಅಷ್ಟೇ ಅವರ ಹಟ.

ಬಾಯ್ಲರ್ ಕೋಣೆಯ ಸೆಕೆ ನಿಮಗೆ ಗೊತ್ತಿಲ್ಲ. ಸುಮ್ಮನೆ ನಿಂತರೂ ಬೆವರು ಧಾರಾಕಾರ. ಅಲ್ಲಿ ಕೂತು ಈ ಮನುಷ್ಯ ಬಾಟಲಿಯ ಮುಚ್ಚಳ ತೆಗೆಯುತ್ತಿರಲಿಲ್ಲ.

"ಅಣ್ಣ, ನೀರು ಹಾಗೇ ಇದೆಯಲ್ಲ" ಎಂದು ಕೇಳಿದೆ.

"ಲೆಕ್ಕದಲ್ಲಿ ಕುಡೀಬೇಕು ಅಂದಿದಾರೆ ತಂಗಿ" ಎಂದರು. ಅದು ಅರ್ಧ ನಿಜ. ಲೆಕ್ಕದಲ್ಲಿ ಕುಡಿಯಿರಿ ಎಂದವರು ಕುಡಿಯಲೇಬೇಡಿ ಎಂದಿರಲಿಲ್ಲ. ಅವರ ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಆದರೂ ಮುಖದಲ್ಲಿ ಒಂಥರಾ ಗೆದ್ದ ಕಳೆ. "ಫೋನು ಬರೋದು ನಿಂತುಹೋಯ್ತು ನೋಡು. ಹೇಗೆ ಹದ್ದುಬಸ್ತಲ್ಲಿ ಇಟ್ಟಿದೀನಿ" ಎಂದು ಎದೆ ತೋರಿಸಿದರು.

ಅದಾಗಿ ಬಹಳ ದಿನ ಕಳೆದಿರಲಿಲ್ಲ. ಒಂದು ಬೆಳಿಗ್ಗೆ ಉರುಳೆಗೆ ಬಟ್ಟೆ ಕೊಡುತ್ತಿದ್ದೆ. ಮ್ಯಾನೇಜರ್ ಆಫೀಸಿನಿಂದ ಫೋನು ಹಿಡಿದುಕೊಂಡೇ ಓಡಿ ಬಂದರು. ಆ ಮನುಷ್ಯ ಓಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಆಸ್ಪತ್ರೆಯಿಂದ. ಬಾಯ್ಲರಣ್ಣ ಫೋನ್ ಎತ್ತುತ್ತಿಲ್ಲವಂತೆ. ನೀನೇ ಮಾತಾಡು."

ಸಿಸ್ಟರ್ ದನಿ. ಯಾವತ್ತಿನ ಗಟ್ಟಿ ದನಿಯಲ್ಲ, ಬಿಗಿಹಿಡಿದ ದನಿ. "ಅಕ್ಕ, ಅಣ್ಣ ಈಗ ಕೂತಿದಾರಾ, ನಿಂತಿದಾರಾ?"

"ಗೊತ್ತಿಲ್ಲ ಸಿಸ್ಟರ್, ಒಳಗಿದಾರೆ. ಯಾಕೆ?"

"ಹೋಗಿ ಕೂರಿಸಿ. ಈಗಲೇ. ಪ್ರೆಶರ್ ತೀರಾ ಕೆಳಗಿಳಿದಿದೆ, ಮೈಯಲ್ಲಿ ನೀರು ಬತ್ತಿದ ಹಾಗಿದೆ. ನಿನ್ನೆ ಕೇಳಿದ್ರೆ ಚೆನ್ನಾಗಿದೀನಿ ಅಂದ್ರು. ನನಗೆ ನಂಬಿಕೆ ಬರ್ತಿಲ್ಲ. ಅವರು ತಲೆ ತಿರುಗಿ ಬೀಳ್ತಾರೆ."

ನಾನು ಬಟ್ಟೆ ಬಿಟ್ಟು ಓಡಿದೆ. ಬಾಯ್ಲರ್ ಕೋಣೆಯ ಬಾಗಿಲು ತಳ್ಳಿದರೆ ಕುರ್ಚಿ ಖಾಲಿ. ತಲೆ ಎತ್ತಿ ನೋಡಿದೆ. ಬಾಯ್ಲರಿನ ಬದಿಯ ಕಬ್ಬಿಣದ ಏಣಿಯ ಮೇಲೆ, ಅರ್ಧ ಎತ್ತರದಲ್ಲಿ ನಿಂತಿದ್ದಾರೆ. ಮೇಲಿನ ಸೇಫ್ಟಿ ವಾಲ್ವ್ ನೋಡಲು ಹತ್ತಿದ್ದರಂತೆ. ಒಂದು ಕೈ ಸರಳು ಹಿಡಿದಿದೆ, ಇನ್ನೊಂದು ಕೈ ಗಾಳಿಯಲ್ಲಿ ಏನನ್ನೋ ತಡಕುತ್ತಿದೆ. ಮುಖ ನಾವು ಒಗೆದ ಬಟ್ಟೆಗಿಂತ ಬೆಳ್ಳಗಾಗಿದೆ. ಅವರ ಕೆಳಗೆ, ಬಿಸಿ ಪೈಪುಗಳ ಗೊಂಚಲು.

"ಅಣ್ಣಾ! ಅಲ್ಲೇ ಅಪ್ಪಿಕೊಳ್ಳಿ! ಏಣಿ ಅಪ್ಪಿಕೊಳ್ಳಿ!"

ಅಪ್ಪಿಕೊಂಡರು. ನಾನು ಕೆಳಗಿನಿಂದ ಹತ್ತಿ ಅವರ ಬೆನ್ನಿಗೆ ನನ್ನ ಭುಜ ಆನಿಸಿದೆ. ಮ್ಯಾನೇಜರ್ ಹಿಂದೆಯೇ ಬಂದರು. ಇಬ್ಬರೂ ಸೇರಿ ಒಂದೊಂದೇ ಮೆಟ್ಟಿಲು ಇಳಿಸಿ ನೆಲದ ಮೇಲೆ ಮಲಗಿಸಿದೆವು. ಮ್ಯಾನೇಜರ್ ಉರಿ ಆರಿಸಿದರು. ಫೋನಿನಲ್ಲಿ ಸಿಸ್ಟರ್ ಹೇಳಿದ ಹಾಗೆ ಅವರ ಕಾಲುಗಳನ್ನು ಬಟ್ಟೆಯ ಗುಡ್ಡೆ ಮೇಲೆ ಎತ್ತಿ ಇಟ್ಟೆ. ಆಂಬುಲೆನ್ಸ್ ಹೊರಟಿದೆ ಎಂದರು.

ಉರುಳೆಗಳು ನಿಂತವು. ಯಾವಾಗಲೂ ಬುಸುಗುಡುವ ನಮ್ಮ ಲಾಂಡ್ರಿ ಅಷ್ಟು ಮೌನವಾಗಿದ್ದದ್ದು ನನಗೆ ನೆನಪಿಲ್ಲ. ಆ ಮೌನದಲ್ಲಿ ನನಗೆ ಹೊಳೆಯಿತು. ನಾನು ಅವರಿಂದ ಒಂದು ಗೋಡೆಯಾಚೆ ಇದ್ದೆ, ನನಗೆ ಗೊತ್ತಿರಲಿಲ್ಲ. ಅತ್ತಿಗೆ ಬೆಳಿಗ್ಗೆ ಅವರ ಎದುರೇ ಕೂತು ತಿಂಡಿ ತಿಂದಿದ್ದರು, ಅವರಿಗೆ ಗೊತ್ತಿರಲಿಲ್ಲ. ಸ್ವತಃ ಬಾಯ್ಲರಣ್ಣನಿಗೇ ಗೊತ್ತಿರಲಿಲ್ಲ. ಊರಾಚೆ, ಅವರ ಮುಖವನ್ನೂ ನೋಡದೆ ಮೇಜಿನ ಮುಂದೆ ಕೂತ ಹೆಂಗಸಿಗೆ ಗೊತ್ತಿತ್ತು. ಕೂತಿದ್ದಾರಾ, ನಿಂತಿದ್ದಾರಾ ಎಂದು ಕೇಳಿದರು! ಎದೆಯೊಳಗಿನ ಭತ್ತದ ಕಾಳು ಅವರಿಗೆ ಹೇಳಿತ್ತು. ಈಗಲೂ ನೆನೆಸಿಕೊಂಡರೆ ನನ್ನ ಕಣ್ಣು ತುಂಬುತ್ತದೆ.

ಆಸ್ಪತ್ರೆಯಲ್ಲಿ ಮೈಗೆ ನೀರು ಏರಿಸಿದರು. ಮಾತ್ರೆ ನಿಲ್ಲಿಸಿದರು. ಮೂತ್ರಪಿಂಡಕ್ಕೂ ಪೆಟ್ಟು ಬೀಳುವುದರಲ್ಲಿತ್ತು, ಸ್ವಲ್ಪದರಲ್ಲಿ ತಪ್ಪಿತು ಎಂದರು ಡಾಕ್ಟರ್. ಬಾಯ್ಲರಣ್ಣ ಎದ್ದು ಕೂರುವ ಹಾಗಾದ ಮೇಲೆ ಸಿಸ್ಟರ್ ಅವರನ್ನು ತಮ್ಮ ಮೇಜಿನ ಬಳಿಗೆ ಕರೆದುಕೊಂಡು ಹೋದರು. ಅತ್ತಿಗೆ, ನಾನು ಹಿಂದೆ.

"ಮುಳ್ಳು ನಮ್ಮ ಮೇಜಿನ ಮೇಲಿದೆ ಅಂತ ಜಗಳ ಆಡ್ತಿದ್ರಲ್ಲ ಅಣ್ಣ. ಬನ್ನಿ, ನೋಡಿ."

ಕಂಪ್ಯೂಟರಿನ ಪರದೆ ತಿರುಗಿಸಿದರು. ಒಂದು ಗೆರೆ, ಎಡದಿಂದ ಬಲಕ್ಕೆ. ಅಲ್ಲಲ್ಲಿ ಏರು, ಅಲ್ಲಲ್ಲಿ ಇಳಿಜಾರು. ಜೀವನಪೂರ್ತಿ ಮುಳ್ಳು ಓದಿದ ಮನುಷ್ಯನಿಗೆ ಗೆರೆ ಓದಲು ಯಾರೂ ಹೇಳಿಕೊಡಬೇಕಾಗಲಿಲ್ಲ. ಕನ್ನಡಕ ಏರಿಸಿದರು. ಬೆರಳು ಗೆರೆಯ ಗುಂಟ ಹೋಗಿ ಒಂದು ದಿಬ್ಬದ ಮೇಲೆ ನಿಂತಿತು.

"ಇದು ಕಡಲೆಕಾಯಿ" ಎಂದರು, ತಮಗೆ ತಾವೇ.

ಬೆರಳು ಮುಂದೆ ಹೋಯಿತು. ಗೆರೆ ಕೆಳಗೆ ಜಾರುತ್ತಾ ಜಾರುತ್ತಾ ಹಳ್ಳಕ್ಕೆ ಬಿದ್ದ ಜಾಗದಲ್ಲಿ ನಿಂತಿತು. ಬಹಳ ಹೊತ್ತು ಅಲ್ಲೇ ಇತ್ತು.

"ಇದು ಇನ್ಸ್‌ಪೆಕ್ಷನ್ನು."

"ಯಾವ ಇನ್ಸ್‌ಪೆಕ್ಷನ್ ಅಣ್ಣ?" ಎಂದರು ಸಿಸ್ಟರ್, ಅರ್ಥವಾಗದೆ.

ಆಗ ಬಾಯ್ಲರಣ್ಣ ಎಲ್ಲವನ್ನೂ ಹೇಳಿದರು. ಉರಿ ತಗ್ಗಿಸಿ ಮುಳ್ಳು ತೋರಿಸುವ ವಿದ್ಯೆ, ಕದ್ದು ನುಂಗಿದ ಮಾತ್ರೆ, ಮುಚ್ಚಳ ತೆಗೆಯದ ಬಾಟಲಿ. ಅತ್ತಿಗೆ ಬೈಯುತ್ತಾರೆ ಎಂದುಕೊಂಡೆ. ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಸಿಸ್ಟರ್ ಕುರ್ಚಿ ಎಳೆದುಕೊಂಡು ಅವರ ಎದುರು ಕೂತರು. "ಅಣ್ಣ, ನಾನು ಇನ್ಸ್‌ಪೆಕ್ಟರ್ ಅಲ್ಲ. ನನಗೆ ನೀವು ಭೇಷ್ ಅನ್ನಿಸ್ಕೋಬೇಕಿಲ್ಲ. ನಾನು ನಿಮ್ಮ ಬಾಯ್ಲರ್ ಕೋಣೆಯಲ್ಲೇ, ನಿಮ್ಮ ಪಕ್ಕ ಕೂತಿರೋಳು. ನೀವು ಬಾಯ್ಲರಿನ ಮುಳ್ಳು ನೋಡ್ತೀರಿ, ನಾನು ನಿಮ್ಮ ಮುಳ್ಳು ನೋಡ್ತೀನಿ. ಏರಿದ್ರೂ ಹೇಳಿ, ಇಳಿದ್ರೂ ಹೇಳಿ, ಕಡಲೆಕಾಯಿ ತಿಂದ್ರೂ ಹೇಳಿ. ಮಾತ್ರೆ ಮಾತ್ರ ನನ್ನ ಕೇಳದೆ ಮುಟ್ಟಬೇಡಿ."

ಬಾಯ್ಲರಣ್ಣ ತಲೆ ಆಡಿಸಿದರು. ಸಿಸ್ಟರ್ ಇನ್ನೊಂದು ಗುಂಡಿ ಒತ್ತಿದರು. ಪರದೆಯ ಮೇಲೆ ಬೇರೆ ಚಿತ್ರ ಬಂತು. ಸಾಲುಸಾಲು ಅಲೆಗಳು, ಏಳುತ್ತಾ ಬೀಳುತ್ತಾ.

"ಇದು ಇವತ್ತು ಬೆಳಿಗ್ಗೆ ನೀವು ಇಲ್ಲಿನ ದಿಂಬಿನ ಮೇಲೆ ಮಲಗಿದಾಗಿನದು. ಒಂದೊಂದು ಅಲೆ ಒಂದೊಂದು ಬಡಿತ."

"ಇದು... ನಾನಾ?"

"ನೀವೇ."

ಬಾಯ್ಲರಣ್ಣ ತಲೆಯ ಮೇಲಿನ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಒಂದು ಕೈ ಎದೆಯ ಮೇಲೆ ಹೋಯಿತು. ಕಣ್ಣು ಪರದೆಯ ಮೇಲೆ. "ಒಂದು ಏಳುತ್ತೆ, ಒಂದು ಬೀಳುತ್ತೆ. ನಾನು ನಿದ್ದೆ ಮಾಡಿದಾಗ್ಲೂ, ಇವಳ ಜೊತೆ ಜಗಳ ಆಡಿದಾಗ್ಲೂ. ನಾನು ಹುಟ್ಟಿದಾಗಿಂದ ಒಳಗೆ ಇಷ್ಟು ದೊಡ್ಡ ಕೆಲಸ ನಡೀತಾ ಇದೆ, ನಾನು ಒಂದು ದಿನ ಕೂಡ ಹೇಗಿದೀಯಪ್ಪ ಅಂತ ಕೇಳಲಿಲ್ಲ" ಎಂದರು.

ಅತ್ತಿಗೆ ಅಳು ನಿಲ್ಲಿಸಿ ಹತ್ತಿರ ಬಂದು ಆ ಅಲೆಗಳನ್ನು ನೋಡಿದರು. ಗಂಡನ ಎದೆಬಡಿತವನ್ನು ಕಣ್ಣಾರೆ ಕಂಡ ಹೆಂಡತಿಯರು ಲೋಕದಲ್ಲಿ ಎಷ್ಟು ಮಂದಿ ಇದ್ದಾರು? ಅವರು ಪರದೆಯನ್ನು ಮೆಲ್ಲಗೆ ಮುಟ್ಟಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡರು.

ಈಗ ಬಾಯ್ಲರಣ್ಣ ಚೆನ್ನಾಗಿದ್ದಾರೆ. ಹೃದಯ ಹೊಸದಾಗಲಿಲ್ಲ, ಅದು ದಣಿದ ಹೃದಯವೇ. ಆದರೆ ಮೆಟ್ಟಿಲ ಮೇಲೆ ನಿಂತು ಪೈಪು ನೋಡುವುದಿಲ್ಲ. ತಲೆಯಡಿಗೆ ಮೂರು ದಿಂಬಿದ್ದದ್ದು ಒಂದಕ್ಕೆ ಇಳಿದಿದೆ. ಕದ್ದು ಹತ್ತಬಾರದೆಂದು ಏಣಿಗೆ ಮ್ಯಾನೇಜರ್ ಬೀಗ ಹಾಕಿಸಿದ್ದಾರೆ. ಪೆಟ್ಟಿಗೆಯೊಳಗಿನ ಹೆಂಗಸಿನ ಮೇಲೆ ಅತ್ತಿಗೆಗಿದ್ದ ಸಿಟ್ಟೂ ಇಳಿದಿದೆ. "ಏಳ್ರೀ, ನಿಮ್ಮವಳು ಕಾಯ್ತಿದಾಳೆ" ಎಂದು ತಾವೇ ದಿಂಬು ತಂದು ಹಾಸುತ್ತಾರೆ.

ಮೊನ್ನೆ ಮತ್ತೆ ಫೋನು ಬಂತು. ಪ್ರೆಶರ್ ಸ್ವಲ್ಪ ಏರುತ್ತಿದೆ ಎಂದರು ಸಿಸ್ಟರ್. ಈ ಸಲ ಜೇಬಿನಲ್ಲಿ ಸಿಪ್ಪೆ ಇರಲಿಲ್ಲ, ಕಾಲು ಊದಿರಲಿಲ್ಲ, ಉಸಿರು ಸರಾಗವಾಗಿತ್ತು.

"ನನಗೇನೂ ಗೊತ್ತಾಗ್ತಿಲ್ಲ ಸಿಸ್ಟರ್" ಎಂದರು ಬಾಯ್ಲರಣ್ಣ. "ಆದ್ರೆ ನೀವು ಮುಳ್ಳು ನೋಡಿದೀರಿ. ಏನು ಮಾಡಬೇಕು ಹೇಳಿ."

ಸಿಸ್ಟರ್ ಹೇಳಿದಷ್ಟು ಮಾತ್ರೆ, ಹೇಳಿದಷ್ಟು ದಿನ. ಆಮೇಲೆ ಏನಾಯಿತು ಎಂದು ನೀವು ಕೇಳುತ್ತೀರಿ. ಏನೂ ಆಗಲಿಲ್ಲ. ಆಂಬುಲೆನ್ಸ್ ಬರಲಿಲ್ಲ. ಅತ್ತಿಗೆ ಗೋಡೆ ಬಡಿದು ನನ್ನನ್ನು ಎಬ್ಬಿಸಲಿಲ್ಲ. ಬಾಯ್ಲರಣ್ಣ ಎಂದಿನಂತೆ ಕೆಲಸಕ್ಕೆ ಬಂದರು, ಗಾಜಿನ ಮೇಲೆ ಎರಡು ಸಲ ತಟ್ಟಿದರು. ನಮ್ಮ ಉರುಳೆಗಳು ಬಿಸಿಯಾದವು. ನಾನು ನೋಡಿದ ಬೆರಗುಗಳಲ್ಲೆಲ್ಲ ದೊಡ್ಡದು ಅದೇ, ಆ ಏನೂ ಆಗದ ದಿನ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಚಪ್ಪಲಿಯನ್ನು ಬೈಯುವ ಮೊದಲು ಕಾಲನ್ನು ನೋಡಿ. ಸಂಜೆಗೆ ಪಾದ ಊದುತ್ತಿದ್ದರೆ, ಮಲಗಿದರೆ ಉಸಿರು ಕಟ್ಟುತ್ತಿದ್ದರೆ, ದಿಂಬಿನ ಮೇಲೆ ದಿಂಬು ಬೇಕಾಗುತ್ತಿದ್ದರೆ, ಕೆಲವೇ ದಿನದಲ್ಲಿ ತೂಕ ಏರಿದ್ದರೆ ನಾಚಿಕೆ ಬಿಟ್ಟು ಡಾಕ್ಟರ ಬಳಿ ಹೋಗಿ. ಈ ಕಾಳು ಎಲ್ಲರಿಗೂ ಬೇಕಾಗುವುದಿಲ್ಲ, ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದೂ ಇಲ್ಲ. ಯಾರಿಗೆ ಬೇಕು ಎಂದು ಡಾಕ್ಟರೇ ಹೇಳಬೇಕು. ಆದರೆ ನಿಮ್ಮ ಎದೆಯಲ್ಲಿ ಈಗಾಗಲೇ ಅದು ಕೂತಿದ್ದರೆ ಒಂದು ಬೆಳಿಗ್ಗೆಯೂ ದಿಂಬನ್ನು ತಪ್ಪಿಸಬೇಡಿ. ಆಸ್ಪತ್ರೆಯ ಫೋನು ಬಂದರೆ ಎತ್ತಿ. ಹಾಯಾಗಿದ್ದೀರೆಂದು ಮಾತ್ರೆ ಬಿಡಬೇಡಿ, ಒಳ್ಳೆಯ ಅಂಕಿ ತೋರಿಸಲೆಂದು ಹೆಚ್ಚು ನುಂಗಬೇಡಿ. ಆ ಕಾಳಿಗೆ ಸುಳ್ಳು ಹೇಳಿಕೊಡಲು ಹೋಗಬೇಡಿ. ಆ ಕಡೆ ಕೂತವರು ನಿಮಗೆ ಅಂಕ ಕೊಡುವವರಲ್ಲ, ನಿಮ್ಮ ಜೊತೆ ಕಾವಲು ಕೂತವರು.

ಗೋಡೆಯಾಚೆಯಿಂದ ನನಗೆ ದಿನಾ ಅವರ ದನಿ ಕೇಳಿಸುತ್ತದೆ. ಬೆಳಿಗ್ಗೆ ದಿಂಬಿನ ಮೇಲೆ ಮಲಗುವ ಮೊದಲು ಬಾಯ್ಲರಣ್ಣ ಬೆರಳ ಗೆಣ್ಣಿನಿಂದ ತಮ್ಮ ಎದೆಯನ್ನು ಎರಡು ಸಲ ಮೆಲ್ಲಗೆ ತಟ್ಟಿಕೊಳ್ಳುತ್ತಾರಂತೆ. "ಹೇಗಿದೀಯಪ್ಪ?" ಎಂದು ಕೇಳುತ್ತಾರೆ. ನೀವೂ ಇವತ್ತು ಒಮ್ಮೆ ಕೇಳಿ.